ಗ್ಯಾರೇಜಿಂದ ಬಂದ ಕಾರು ಶಬ್ದ ಮಾಡ್ತಾ ಉಂಟಾ? ‘ಓಡ್ಲಿ, ಸೆಟ್ ಆಗ್ತದೆ’ ಎಂಬ ಮಾತು ಎಲ್ಲ ಶಬ್ದಕ್ಕೂ ಹೊಂದುವುದಿಲ್ಲ

ನೆಟ್ಟಣ: ಕಡಬದಲ್ಲಿ ಬ್ರೇಕ್ ಪ್ಯಾಡ್ ಹಾಕಿಸಿ, ದುಡ್ಡು ಕೊಟ್ಟು ಹೊರಟು ಮರ್ದಾಳ ದಾಟುವಷ್ಟರಲ್ಲಿ ಎದುರಿನ ಎಡಗಡೆ ಚಕ್ರದಿಂದ ‘ಕಿರ್... ಕಿರ್... ಕಿರ್...’ ಶುರುವಾಯಿತು ಎಂದಿಟ್ಟುಕೊಳ್ಳಿ. ಗ್ಯಾರೇಜಿಗೆ ಹೋಗುವಾಗ ಇಲ್ಲದ ಶಬ್ದ. ಫೋನ್ ಮಾಡಿದರೆ ಆ ಕಡೆಯಿಂದ ಬರುವ ಉತ್ತರ ಹೆಚ್ಚಾಗಿ ಒಂದೇ: “ಹೊಸ ಪ್ಯಾಡ್ ಅಲ್ವಾ ಅಣ್ಣ, ಸ್ವಲ್ಪ ಓಡ್ಲಿ, ಸೆಟ್ ಆಗ್ತದೆ.” ನೆಟ್ಟಣ, ಬಿಳಿನೆಲೆ, ಕೈಕಂಬ ಕಡೆ ಕಾರು, ಜೀಪು, ಪಿಕಪ್ ಇಟ್ಟುಕೊಂಡವರು ಈ ಮಾತನ್ನು ಒಮ್ಮೆಯಾದರೂ ಕೇಳಿರುತ್ತಾರೆ.

ಈ ಉತ್ತರ ಪೂರ್ತಿ ಸುಳ್ಳೇನೂ ಅಲ್ಲ. ಕೆಲವು ಶಬ್ದ ನಿಜವಾಗಿಯೂ ಓಡಿದ ಮೇಲೆ ಹೋಗುತ್ತವೆ. ತೊಂದರೆ ಇರುವುದು ಬೇರೆ ಕಡೆ. ಚಕ್ರದ ನಟ್ಟು ಸಡಿಲ ಇದ್ದರೂ ಫೋನಿನಲ್ಲಿ ಸಿಗುವುದು ಇದೇ ಉತ್ತರ, ಯಾಕೆಂದರೆ ಆ ಕಡೆ ಇರುವವರು ಗಾಡಿಯನ್ನು ನೋಡಿರುವುದಿಲ್ಲ. ಇಲ್ಲಿಂದ ಗಾಡಿ ಹೊರಟರೆ ಗುಂಡ್ಯ ಕಳೆದು ಶಿರಾಡಿ ಘಾಟಿ, ಇಲ್ಲವೇ ಕುಳ್ಕುಂದದಿಂದ ಬಿಸಿಲೆ ಘಾಟಿ. ಸುಬ್ರಹ್ಮಣ್ಯ ರೋಡ್ ರೈಲು ನಿಲ್ದಾಣದಲ್ಲಿ ಇಳಿದವರನ್ನು ಸುಮಾರು 12 ಕಿ.ಮೀ. ದೂರದ ಕುಕ್ಕೆಗೆ ಕೊಂಡೊಯ್ಯುವ ಗಾಡಿಗಳಂತೂ ದಿನಕ್ಕೆ ಎಷ್ಟು ಸಲ ಹೋಗಿ ಬರುತ್ತವೋ ಲೆಕ್ಕ ಇಲ್ಲ. ಯಾವ ಶಬ್ದಕ್ಕೆ ಕಾಯಬಹುದು, ಯಾವುದಕ್ಕೆ ಅಲ್ಲೇ ನಿಲ್ಲಿಸಬೇಕು ಎಂಬುದು ಗೊತ್ತಿದ್ದರೆ ಸಾಕು, ಉಳಿದದ್ದನ್ನು ಮೆಕ್ಯಾನಿಕ್ ನೋಡಿಕೊಳ್ಳುತ್ತಾರೆ.

ಮೊದಲ ಅನುಮಾನ ಕೈ ಹಾಕಿದ ಜಾಗದ ಮೇಲೆ

ಕೆಲಸ ಆದ ಮೇಲೆ ಬಂದ ಶಬ್ದಕ್ಕೆ ಹೊಸ ಕಾಯಿಲೆ ಹುಡುಕುವ ಮೊದಲು, ಯಾವುದೆಲ್ಲ ಬಿಚ್ಚಿದ್ದರು ಎಂದು ಕೇಳಬೇಕು. ಬಿಲ್ಲಿನಲ್ಲಿ ‘ಕ್ಲಚ್ ಪ್ಲೇಟ್’ ಎಂದು ಒಂದೇ ಸಾಲು ಇರಬಹುದು. ಆದರೆ ಎದುರಿನ ಚಕ್ರಕ್ಕೆ ಶಕ್ತಿ ಹೋಗುವ ಕಾರುಗಳಲ್ಲಿ ಆ ಪ್ಲೇಟ್ ತಲುಪಬೇಕಾದರೆ ಚಕ್ರ ತೆಗೆಯಬೇಕು, ಎಕ್ಸೆಲ್ ಎಳೆಯಬೇಕು, ಗೇರ್‌ಬಾಕ್ಸ್ ಇಳಿಸಬೇಕು, ಅದರ ಮೌಂಟಿಂಗ್ ಬಿಚ್ಚಬೇಕು. ಹಲವು ಕಾರುಗಳಲ್ಲಿ ಬ್ಯಾಟರಿ, ಏರ್ ಫಿಲ್ಟರ್ ಡಬ್ಬ ಕೂಡ ಹೊರಗೆ ಬರುತ್ತದೆ. ಬರೀ ಆಯಿಲ್ ಬದಲಿಸಲಿಕ್ಕೂ ಕೆಲವು ಗಾಡಿಗಳಲ್ಲಿ ಎಂಜಿನ್ ಅಡಿಯ ಪ್ಲಾಸ್ಟಿಕ್ ಕವರ್ ತೆಗೆಯಬೇಕಾಗುತ್ತದೆ. ವಾಪಸು ಹಾಕುವಾಗ ಎಂಟು ಕ್ಲಿಪ್ ಇದ್ದಲ್ಲಿ ಐದೇ ಸಿಕ್ಕಿದರೆ, ಕೈಕಂಬ ತಲುಪುವಷ್ಟರಲ್ಲಿ ಗಾಳಿಗೆ ಆ ಕವರ್ ‘ಪಟ ಪಟ’ ಬಡಿಯಲಿಕ್ಕೆ ಶುರು. ಕ್ಲಿಪ್ಪಿಗೆ ಹೆಚ್ಚೇನೂ ಖರ್ಚಿಲ್ಲ, ತಲೆಬಿಸಿ ಮಾತ್ರ ದೊಡ್ಡದು.

ಹಾಗಾಗಿ ಮೆಕ್ಯಾನಿಕಿಗೆ ಕೇಳಬೇಕಾದ ಮೊದಲ ಪ್ರಶ್ನೆ “ಯಾಕೆ ಶಬ್ದ ಬರ್ತದೆ?” ಎಂದಲ್ಲ. “ಎಂಥದೆಲ್ಲ ಬಿಚ್ಚಿದ್ರಿ ಮಾರಾಯ್ರೆ?” ಎಂದು ಕೇಳಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಅದಕ್ಕಿಂತಲೂ ಮೊದಲು ಒಂದು ಚಿಕ್ಕ ಕೆಲಸ ಉಂಟು. ಡಿಕ್ಕಿ ತೆಗೆದು ನೋಡಿ. ಸ್ಟೆಪ್ನಿ, ಜ್ಯಾಕ್, ವೀಲ್ ಸ್ಪ್ಯಾನರ್ ಹೊರಗೆ ತೆಗೆದವರು ಅವುಗಳನ್ನು ಸರಿಯಾಗಿ ಕೂರಿಸದೆ ಹಾಗೇ ಎಸೆದಿದ್ದರೆ ಪ್ರತಿ ಹಂಪಿಗೂ ‘ಟಕ್’ ಎನ್ನುತ್ತದೆ. ಶಾಕ್ ಅಬ್ಸಾರ್ಬರ್ ಹೋಯಿತೆಂದು ಹೆದರಿ, ಕೊನೆಗೆ ಜ್ಯಾಕಿನ ಅಡಿಗೆ ಬಟ್ಟೆ ತುರುಕಿ ಮುಗಿಸಿದವರು ಎಲ್ಲ ಊರಲ್ಲೂ ಇದ್ದಾರೆ. ಅದೇ ರೀತಿ ಎಸಿ ಫಿಲ್ಟರ್ ತೆಗೆದು ಹಾಕುವಾಗ ಒಂದು ಒಣ ಎಲೆ ಬ್ಲೋವರ್ ಫ್ಯಾನಿಗೆ ಬಿದ್ದರೂ ಡ್ಯಾಶ್‌ಬೋರ್ಡ್ ಒಳಗಿಂದ ‘ಟರ್ರ್’ ಎಂಬ ಶಬ್ದ. ಫ್ಯಾನ್ ಆಫ್ ಮಾಡಿದ ಕೂಡಲೇ ನಿಂತರೆ ಅದೇ ಕಾರಣ.

ಇನ್ನೊಂದು ವಿಷಯವನ್ನೂ ನ್ಯಾಯವಾಗಿ ಹೇಳಬೇಕು. ಒಡೆದ ಸೈಲೆನ್ಸರ್ ಸರಿ ಮಾಡಿಸಿದ ಮೇಲೆ ಕಾರು ನಿಶ್ಶಬ್ದವಾಗುತ್ತದೆ. ಆಗ ಮೊದಲೇ ಇದ್ದ ಬೇರಿಂಗಿನ ‘ಗುಂಯ್’ ಸದ್ದು ಕಿವಿಗೆ ಬೀಳುತ್ತದೆ. ಅದು ಗ್ಯಾರೇಜಿನವರು ಮಾಡಿದ್ದಲ್ಲ. ಹಳೆಯದೇ, ಈಗ ಕೇಳಿತು ಅಷ್ಟೆ.

ನಿಂತಾಗ, ಓಡುವಾಗ, ತಿರುಗಿಸುವಾಗ

ಶಬ್ದ ಎಲ್ಲಿಂದ ಎಂಬುದಕ್ಕಿಂತ ಯಾವಾಗ ಎಂಬುದು ಮುಖ್ಯ. ಕಾರಿನೊಳಗೆ ಕೂತವರ ಕಿವಿ ಜಾಗದ ವಿಷಯದಲ್ಲಿ ಮೋಸ ಹೋಗುತ್ತದೆ. ಹಿಂದಿನ ಚಕ್ರದ ಸದ್ದು ಸೀಟಿನಡಿಯಿಂದ ಬಂದಂತೆ, ಎಡಗಡೆಯದ್ದು ಬಲಗಡೆಯದ್ದಾಗಿ ಕೇಳುವುದು ಸಾಮಾನ್ಯ. ಆದರೆ ‘ಯಾವಾಗ’ ಎಂಬುದರಲ್ಲಿ ಅಷ್ಟು ಮೋಸ ಇಲ್ಲ.

ಮೊದಲು ಗಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿ ಆಕ್ಸಿಲೇಟರ್ ಕೊಡಿ. ನಿಂತಲ್ಲೇ ಶಬ್ದ ಬಂದರೆ ಅದು ಎಂಜಿನ್, ಬೆಲ್ಟ್, ಸೈಲೆನ್ಸರ್ ಅಥವಾ ಅಡಿಯ ಕವರ್ ಕಡೆಯದ್ದು. ನಿಂತಾಗ ಏನೂ ಇಲ್ಲದೆ ಓಡುವಾಗ ಮಾತ್ರ ಬಂದರೆ ಚಕ್ರ, ಬ್ರೇಕ್, ಎಕ್ಸೆಲ್, ಸಸ್ಪೆನ್ಷನ್ ಕಡೆಗೆ ಹೋಗಬೇಕು.

ಇದಕ್ಕೊಂದು ಲೆಕ್ಕವೂ ಉಂಟು. ಸಣ್ಣ ಕಾರಿನ ಚಕ್ರ ಒಂದು ಸುತ್ತಿಗೆ ಹೆಚ್ಚುಕಡಿಮೆ 1.7ರಿಂದ 2 ಮೀಟರ್ ಮುಂದೆ ಹೋಗುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಅಂದರೆ ಸೆಕೆಂಡಿಗೆ ಸುಮಾರು ಮೂರು ಸುತ್ತು. ಅದೇ ಹೊತ್ತಿಗೆ ಎಂಜಿನ್ ಸೆಕೆಂಡಿಗೆ ಇಪ್ಪತ್ತಕ್ಕೂ ಹೆಚ್ಚು ಸುತ್ತು ತಿರುಗಿರುತ್ತದೆ. ಹಾಗಾಗಿ ನಿಧಾನ ಹೋಗುವಾಗ ‘ಕಿರ್, ಕಿರ್, ಕಿರ್’ ಎಂದು ಬಾಯಲ್ಲಿ ಎಣಿಸಲಿಕ್ಕೆ ಸಿಗುವ ಶಬ್ದ ಚಕ್ರದ್ದೇ ಆಗಿರುವ ಸಾಧ್ಯತೆ ಹೆಚ್ಚು. ಎಣಿಸಲಿಕ್ಕೆ ಸಿಗದೆ ಒಂದೇ ಸಮನೆ ನಡುಗುವಂಥದ್ದು ಎಂಜಿನ್ ಕಡೆಯದ್ದು ಎಂದು ಅಂದಾಜು ಮಾಡಬಹುದು. ವೇಗ ಹೆಚ್ಚಾದಂತೆ ಎಣಿಕೆ ಹೆಚ್ಚಾಗಿ, ಗೇರ್ ಬದಲಿಸಿದರೂ ಹಾಗೇ ಉಳಿದರೆ ಚಕ್ರವೇ ಎಂದು ಮತ್ತಷ್ಟು ಗಟ್ಟಿ.

ಮುಂದಿನದ್ದು ಬ್ರೇಕ್. ಖಾಲಿ ಮಾರ್ಗದಲ್ಲಿ ನಿಧಾನ ಹೋಗುತ್ತಾ ಪೆಡಲ್‌ಗೆ ಮೆಲ್ಲ ಪಾದ ತಾಗಿಸಿ. ಶಬ್ದ ನಿಂತರೆ ಅಥವಾ ಬದಲಾದರೆ ಪ್ಯಾಡ್, ಡಿಸ್ಕ್ ಹತ್ತಿರದ ವಿಷಯ. ಏನೂ ಬದಲಾಗದಿದ್ದರೆ ಡಿಸ್ಕಿನ ಹಿಂದೆ ಇರುವ ತೆಳು ತಗಡನ್ನು ನೋಡಲಿಕ್ಕೆ ಹೇಳಿ. ಚಕ್ರ ಬಿಚ್ಚುವಾಗ ಕೈ ಅಥವಾ ಸ್ಪ್ಯಾನರ್ ತಾಗಿ ಆ ತಗಡು ಸ್ವಲ್ಪ ಬಗ್ಗಿದರೂ ಡಿಸ್ಕಿಗೆ ಉಜ್ಜುತ್ತದೆ. ಮೊದಲು ಹೇಳಿದ ಮರ್ದಾಳದ ‘ಕಿರ್ ಕಿರ್’ಗೆ ಇದು ತುಂಬ ಸಾಮಾನ್ಯ ಕಾರಣ. ಕೈಯಲ್ಲೇ ಹಿಂದಕ್ಕೆ ಬಗ್ಗಿಸಿದರೆ ಮುಗಿಯಿತು. ತೋಟದ ಜಲ್ಲಿ ಮಾರ್ಗದಲ್ಲಿ ಬಂದ ಗಾಡಿಯಾದರೆ ತಗಡು ಮತ್ತು ಡಿಸ್ಕಿನ ನಡುವೆ ಒಂದು ಸಣ್ಣ ಕಲ್ಲು ಸಿಕ್ಕಿಕೊಂಡಿರಲೂಬಹುದು. ಕೆಲವೊಮ್ಮೆ ನಾಲ್ಕು ಮಾರು ರಿವರ್ಸ್ ತೆಗೆದರೆ ಅದೇ ಬಿದ್ದು ಹೋಗುತ್ತದೆ.

ತಿರುಗಿಸುವಾಗ ಮಾತ್ರ ಬರುವ ಶಬ್ದಕ್ಕೆ ಎರಡು ರೀತಿ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಮುಂದೆ ಹೋಗುವಾಗ ‘ಟಕ ಟಕ ಟಕ’ ಬಂದರೆ ಎಕ್ಸೆಲ್ ತುದಿಯ ಜಾಯಿಂಟ್. ಅದರ ರಬ್ಬರ್ ಬೂಟು ಕೆಲಸದ ವೇಳೆ ಹರಿದಿದೆಯೇ, ಕ್ಲಿಪ್ ಜಾರಿ ಗ್ರೀಸ್ ಹೊರಗೆ ಚೆಲ್ಲಿದೆಯೇ ಎಂದು ಬಗ್ಗಿ ನೋಡಿದರೆ ಕಾಣುತ್ತದೆ. ಇನ್ನು 40–50ರ ವೇಗದಲ್ಲಿ ‘ಗುಂಯ್’ ಎನ್ನುತ್ತಾ, ಬಲಕ್ಕೆ ತಿರುಗುವ ತಿರುವಿನಲ್ಲಿ ಜಾಸ್ತಿಯಾಗಿ ಎಡ ತಿರುವಿನಲ್ಲಿ ಕಡಿಮೆಯಾದರೆ ಎಡಗಡೆಯ ಬೇರಿಂಗ್ ಮೇಲೆ ಅನುಮಾನ, ಯಾಕೆಂದರೆ ಬಲಕ್ಕೆ ತಿರುಗುವಾಗ ಗಾಡಿಯ ಭಾರ ಎಡ ಚಕ್ರದ ಮೇಲೆ ಬೀಳುತ್ತದೆ. ಹೊಸ ಬೇರಿಂಗ್ ಹಾಕಿದ ಮೇಲೂ ಇದೇ ಶಬ್ದ ಇದ್ದರೆ ಅದನ್ನು ಕೂರಿಸಿದ ರೀತಿ ಕೇಳಿ. ಪ್ರೆಸ್ ಯಂತ್ರದಲ್ಲಿ ಒತ್ತಿ ಕೂರಿಸಬೇಕಾದದ್ದನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸಿದರೆ ಹೊಸದೂ ಬೇಗ ಹಾಳಾಗುತ್ತದೆ. ಅಲ್ಲಿ ದೂರಬೇಕಾದ್ದು ಪಾರ್ಟನ್ನಲ್ಲ.

ಹಂಪು ಹಾರುವಾಗ ‘ಟಕ್’ ಅಥವಾ ‘ಕಟ್’ ಬಂದರೆ ಲಿಂಕ್ ರಾಡಿನ ನಟ್ಟು, ಶಾಕ್ ಅಬ್ಸಾರ್ಬರಿನ ಮೇಲಿನ ನಟ್ಟು, ಲೋವರ್ ಆರ್ಮ್ ಬೋಲ್ಟು. ಲೋವರ್ ಆರ್ಮ್ ಬುಷ್ ವಿಷಯದಲ್ಲಿ ಒಂದು ತಪ್ಪು ಆಗಾಗ ಆಗುತ್ತದೆ. ಗಾಡಿಯನ್ನು ಮೇಲೆ ಎತ್ತಿ, ಚಕ್ರ ನೇತಾಡುತ್ತಿರುವಾಗಲೇ ಬೋಲ್ಟನ್ನು ಪೂರ್ತಿ ಬಿಗಿ ಮಾಡಿಬಿಡುವುದು. ಗಾಡಿ ಕೆಳಗೆ ಇಳಿದ ಮೇಲೆ ಬುಷ್‌ನ ರಬ್ಬರು ತಿರುಚಿದ ಸ್ಥಿತಿಯಲ್ಲೇ ಇರುತ್ತದೆ. ಆಗ ‘ಕಿಂಯ್ ಕಿಂಯ್’ ಎನ್ನುತ್ತದೆ, ಸ್ವಲ್ಪ ಕಾಲದಲ್ಲಿ ಹರಿಯುತ್ತದೆ. ಕೊನೆಯ ಬಿಗಿ ಕೊಡಬೇಕಾದ್ದು ಗಾಡಿ ತನ್ನ ನಾಲ್ಕು ಚಕ್ರದ ಮೇಲೆ ನಿಂತ ಮೇಲೆ. ಮಾಲಕರು ಅಲ್ಲೇ ನಿಂತಿದ್ದರೆ “ಇಳಿಸಿ ಆದ ಮೇಲೆ ಟೈಟ್ ಮಾಡ್ತೀರಲ್ಲ?” ಎಂದು ಮೆಲ್ಲ ಕೇಳುವುದರಲ್ಲಿ ತಪ್ಪೇನಿಲ್ಲ.

ಒಬ್ಬರೇ ಓಡಿಸುತ್ತಾ ಕೇಳುವುದಕ್ಕಿಂತ ಇನ್ನೊಬ್ಬರನ್ನು ಹೊರಗೆ ನಿಲ್ಲಿಸುವುದು ಒಳ್ಳೆಯದು. ಇದರಲ್ಲಿ ನೆಟ್ಟಣದವರಿಗೆ ಪಾಠ ಬೇಡ, ರೈಲು ಎದುರಿಗೇ ಉಂಟು. ಇಲ್ಲಿಂದ ಸಕಲೇಶಪುರಕ್ಕೆ ಸುಮಾರು 55 ಕಿ.ಮೀ. ಘಾಟಿ, 50 ಅಡಿಗೆ 1 ಅಡಿ ಏರು, ಹತ್ತುವ ರೈಲಿಗೆ ಹಿಂದಿನಿಂದ ತಳ್ಳಲಿಕ್ಕೆ ಇನ್ನಷ್ಟು ಎಂಜಿನ್ ಜೋಡಿಸುವ ಸ್ಟೇಷನ್ ಇದು. ರೈಲ್ವೆಯಲ್ಲಿ ತಪಾಸಣೆಯ ಸಿಬ್ಬಂದಿ ಹಳಿಯ ಪಕ್ಕ ನಿಂತು, ಒಳಗೆ ಬರುತ್ತಿರುವ ರೈಲಿನ ಪ್ರತಿಯೊಂದು ಚಕ್ರವನ್ನೂ ನೋಡುತ್ತಾ, ಕೇಳುತ್ತಾ ಇರುವ ಪದ್ಧತಿ ಉಂಟು. ಚಕ್ರದ ಒಂದು ಕಡೆ ಸವೆದು ಚಪ್ಪಟೆಯಾಗಿದ್ದರೆ, ಎಂಥದಾದರೂ ನೇತಾಡುತ್ತಿದ್ದರೆ ನಿಂತಾಗ ಗೊತ್ತಾಗದ್ದು ಓಡುವಾಗ ಗೊತ್ತಾಗುತ್ತದೆ. ಕಾರಿಗೂ ಹಾಗೆಯೇ. ಕಾಂಪೌಂಡ್ ಗೋಡೆ ಇರುವ ಕಡೆ ಗ್ಲಾಸ್ ಇಳಿಸಿ ನಡಿಗೆಯ ವೇಗದಲ್ಲಿ ಹೋಗಿ. ಗೋಡೆಗೆ ಬಡಿದು ಬರುವ ಸದ್ದು ಯಾವ ಬದಿ ಎಂದು ಹೇಳುತ್ತದೆ. ಬದಿಯಲ್ಲಿ ನಿಂತವರು ಮೊಬೈಲಲ್ಲಿ ವಿಡಿಯೋ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಗ್ಯಾರೇಜಿನ ಎದುರು ಹೋದ ಕೂಡಲೇ ಶಬ್ದ ಮಾಯವಾಗುವುದು ಕಾರುಗಳ ಹುಟ್ಟುಗುಣ.

ಇವುಗಳಿಗೆ ಕಾಯಲಿಕ್ಕಿಲ್ಲ

ಚಕ್ರ ತೆಗೆದು ಹಾಕಿದ ಯಾವುದೇ ಕೆಲಸದ ನಂತರ, ಅದು ಪಂಕ್ಚರ್ ಆದರೂ ಸರಿ, ಕಡಿಮೆ ವೇಗದಲ್ಲಿ ‘ಗಡಕ್ ಗಡಕ್’ ಶಬ್ದ ಅಥವಾ ಸ್ಟೇರಿಂಗ್ ನಡುಕ ಬಂದರೆ ಅಲ್ಲೇ ಬದಿಗೆ ನಿಲ್ಲಿಸಿ ನಟ್ಟು ನೋಡಬೇಕು. ಮನೆಗೆ ಎರಡೇ ಕಿಲೋಮೀಟರ್ ಎಂದು ಮುಂದೆ ಹೋಗುವ ವಿಷಯ ಇದಲ್ಲ. ಸಡಿಲ ಚಕ್ರ ಅಲ್ಲಾಡುತ್ತಾ ರಿಮ್ಮಿನ ತೂತನ್ನು ಅಗಲ ಮಾಡುತ್ತದೆ, ನಟ್ಟು ಹಿಡಿಯುವ ಬೋಲ್ಟು ತುಂಡಾಗುತ್ತದೆ, ಆಮೇಲೆ ಚಕ್ರವೇ ಕಳಚುತ್ತದೆ. ಡಿಕ್ಕಿಯಲ್ಲಿರುವ ಸ್ಪ್ಯಾನರ್ ಸಾಕು. ಎದುರುಬದುರು ನಟ್ಟುಗಳನ್ನು ಒಂದಾದ ಮೇಲೊಂದು, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕು. ತೂತು ಅಗಲವಾಗಿದ್ದರೆ, ಬೋಲ್ಟಿನ ಹಲ್ಲು ಹೋಗಿದ್ದರೆ ಬಿಗಿ ಮಾಡಿ ಓಡಿಸುವುದೂ ಬೇಡ.

ಎಷ್ಟು ಬಿಗಿ? ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್, ನಿಮ್ಮ ಗಾಡಿಯ ಸರಿಯಾದ ಲೆಕ್ಕ ಗಾಡಿಯ ಜತೆ ಬಂದ ಪುಸ್ತಕದಲ್ಲಿರುತ್ತದೆ. 100 ನ್ಯೂಟನ್ ಮೀಟರ್ ಎಂದರೆ ಒಂದು ಅಡಿ ಉದ್ದದ ಸ್ಪ್ಯಾನರಿನ ತುದಿಗೆ ಸುಮಾರು 33 ಕೆ.ಜಿ. ಭಾರ ಹಾಕಿದಂತೆ. 70 ಕೆ.ಜಿ. ತೂಕದವರು ಅದರ ಮೇಲೆ ಹತ್ತಿ ಕುಣಿದರೆ ಅದರ ಎರಡು ಪಾಲು ದಾಟುತ್ತದೆ, ಬೋಲ್ಟು ಎಳೆದು ಹೋಗುತ್ತದೆ. ಮತ್ತೆ ದಾರಿಯಲ್ಲಿ ಪಂಕ್ಚರ್ ಆದಾಗ ಆ ನಟ್ಟು ಬಿಚ್ಚಲಿಕ್ಕೂ ಬರುವುದಿಲ್ಲ. ಚಕ್ರ ತೆಗೆದು ಹಾಕಿದ ಮೇಲೆ 50ರಿಂದ 100 ಕಿ.ಮೀ. ಓಡಿದಾಗ ಇನ್ನೊಮ್ಮೆ ಬಿಗಿ ನೋಡುವುದು ಒಳ್ಳೆಯ ಅಭ್ಯಾಸ. ರಿಮ್ಮಿಗೂ ಹಬ್ಬಿಗೂ ನಡುವೆ ಮಣ್ಣು, ತುಕ್ಕು ಸಿಕ್ಕಿದ್ದರೆ ಅದು ಉದುರಿದ ಮೇಲೆ ನಟ್ಟು ಸಡಿಲವಾಗುತ್ತದೆ.

ಎರಡನೆಯದು ಬ್ರೇಕ್ ಹಿಡಿದುಕೊಂಡೇ ಇರುವುದು. ಪ್ಯಾಡ್ ಹಾಕಿದ ಮೇಲೆ ಒಂದೇ ಸಮನೆ ಉಜ್ಜುವ ಶಬ್ದ, ಗಾಡಿ ಒಂದು ಕಡೆಗೆ ಎಳೆಯುವುದು, ಸುಟ್ಟ ವಾಸನೆ. ಐದಾರು ಕಿಲೋಮೀಟರ್ ಹೋಗಿ ನಿಲ್ಲಿಸಿ, ಪ್ರತಿ ಚಕ್ರದ ಹತ್ತಿರ ಕೈ ಹಿಡಿದು ನೋಡಿ. ಮುಟ್ಟಬೇಡಿ, ಸುಡುತ್ತದೆ. ಎದುರಿನ ಎರಡರಲ್ಲಿ ಒಂದು ಮಾತ್ರ ಒಲೆಯಂತಿದ್ದರೆ ಆ ಕಡೆಯ ಬ್ರೇಕ್ ಬಿಡುತ್ತಿಲ್ಲ. ಈ ಸ್ಥಿತಿಯಲ್ಲಿ ಘಾಟಿ ಇಳಿದರೆ ಕೆಳಗೆ ಬರುವಷ್ಟರಲ್ಲಿ ಬ್ರೇಕೇ ಹಿಡಿಯದ ಹಾಗೆ ಆಗಬಹುದು. ಇನ್ನೊಂದು, ಶಬ್ದಕ್ಕೆ ಸಂಬಂಧ ಇಲ್ಲದಿದ್ದರೂ ಇಲ್ಲೇ ಹೇಳಬೇಕು: ಪ್ಯಾಡ್ ಬದಲಿಸಿದ ಗಾಡಿಯನ್ನು ಗ್ಯಾರೇಜಿನಿಂದ ತೆಗೆಯುವ ಮೊದಲು ಪೆಡಲನ್ನು ನಾಲ್ಕಾರು ಸಲ ಒತ್ತಿ ಗಟ್ಟಿಯಾಗಿದೆಯೇ ನೋಡಿ. ಹಿಂದಕ್ಕೆ ತಳ್ಳಿದ ಪಿಸ್ಟನ್ ಪ್ಯಾಡಿಗೆ ತಾಗುವವರೆಗೆ ಮೊದಲ ಒತ್ತು ಖಾಲಿ ಹೋಗುತ್ತದೆ.

ಮೂರನೆಯದು ಆಯಿಲ್. ಆಯಿಲ್, ಫಿಲ್ಟರ್ ಬದಲಿಸಿದ ಮೇಲೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಒಂದೆರಡು ಸೆಕೆಂಡ್ ‘ಟಕ ಟಕ’ ಬರುವುದು ಸರಿ, ಖಾಲಿ ಫಿಲ್ಟರ್ ತುಂಬಬೇಕಲ್ಲ. ಅದು ನಿಲ್ಲದಿದ್ದರೆ ಅಥವಾ ಕೆಂಪು ಆಯಿಲ್ ದೀಪ ಉರಿಯುತ್ತಲೇ ಇದ್ದರೆ ಕೂಡಲೇ ಆಫ್. ‘ಸ್ವಲ್ಪ ರೇಸ್ ಮಾಡಿ ನೋಡುವ’ ಎಂದು ಹೊರಟರೆ ಎಂಜಿನ್ ಬಿಚ್ಚುವ ಖರ್ಚು ಬರುತ್ತದೆ. ಗೇರ್‌ಬಾಕ್ಸ್ ಇಳಿಸಿದ ಕೆಲಸದಲ್ಲಿಯೂ ಇದೇ ಪ್ರಶ್ನೆ ಕೇಳಬೇಕು. ಎಕ್ಸೆಲ್ ಎಳೆದಾಗ ಗೇರ್ ಆಯಿಲ್ ಚೆಲ್ಲುತ್ತದೆ. ಅದನ್ನು ಮತ್ತೆ ತುಂಬಿಸಲು ಮರೆತರೆ ‘ಊಂ’ ಎಂಬ ಕೂಗು, ಆಮೇಲೆ ಗೇರ್‌ಬಾಕ್ಸೇ ಹೋಗುತ್ತದೆ. ಬಿಲ್ಲಿನಲ್ಲಿ ಗೇರ್ ಆಯಿಲ್ ಸಾಲು ಇಲ್ಲದಿದ್ದರೆ ಕೇಳಿಯೇ ಕೇಳಿ.

ಸೈಲೆನ್ಸರ್ ಕೆಲಸದ ನಂತರ ‘ಫಟ್ ಫಟ್’ ಸದ್ದಿನ ಜತೆ ಹೊಗೆ ವಾಸನೆ ಒಳಗೆ ಬಂದರೆ ಗ್ಲಾಸ್ ಇಳಿಸಿ, ಸೀದಾ ಗ್ಯಾರೇಜ್. ಆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಸ್ವಂತ ವಾಸನೆ ಇಲ್ಲ. ಮಳೆಗೆ ಗ್ಲಾಸ್ ಮುಚ್ಚಿ ಓಡಿಸುವ ಊರಲ್ಲಿ ಇದನ್ನು ಸಣ್ಣದು ಎನ್ನಲಿಕ್ಕಾಗದು.

ನಿಜವಾಗಿಯೂ ಸೆಟ್ ಆಗುವುದು

ಹೊಸ ಬ್ರೇಕ್ ಪ್ಯಾಡಿನ ಸಣ್ಣ ‘ಕೀಂ’, ಅದೂ ಬ್ರೇಕ್ ಒತ್ತುವಾಗ ಮಾತ್ರ ಬರುವುದಾದರೆ, ಹಳೆ ಡಿಸ್ಕಿಗೆ ಹೊಂದಿಕೊಳ್ಳುವವರೆಗೆ ಕಾಯಬಹುದು. 200–300 ಕಿ.ಮೀ. ಮೆಲ್ಲ ಮೆಲ್ಲ ಬ್ರೇಕ್ ಹಿಡಿದು ಓಡಿಸಿದರೆ ಹೋಗುತ್ತದೆ. ಅಷ್ಟಾದರೂ ಹೋಗದಿದ್ದರೆ ಪ್ಯಾಡಿನ ಕ್ಲಿಪ್ ಅಥವಾ ಹಿಂದಿನ ತಗಡು ಬಿಟ್ಟುಹೋಗಿದೆಯೇ ನೋಡಬೇಕು. ರಾತ್ರಿ ಮಳೆಗೆ ನಿಂತ ಗಾಡಿಯ ಡಿಸ್ಕ್ ತುಕ್ಕು ಹಿಡಿದು ಬೆಳಗ್ಗೆ ಮೊದಲ ನಾಲ್ಕು ಬ್ರೇಕಿಗೆ ‘ಚರ್ರ್’ ಎನ್ನುವುದು ಕಾಯಿಲೆಯೇ ಅಲ್ಲ. ಹೊಸ ಸೈಲೆನ್ಸರಿನಿಂದ ಮೊದಲ ದಿನ ಬರುವ ಬಣ್ಣದ ವಾಸನೆಯೂ ಹಾಗೆಯೇ. ಹೊಸ ಬೆಲ್ಟ್ ಚಳಿಗೆ ಒಂದು ಸಲ ಕಿರುಚಿದರೆ ಬಿಡಬಹುದು, ಪ್ರತಿದಿನ ಕಿರುಚಿದರೆ ಅದರ ಬಿಗಿ ಸರಿ ಇಲ್ಲ. ‘ಸೆಟ್ ಆಗುವ’ ಶಬ್ದಗಳ ಪಟ್ಟಿ ಇಷ್ಟೇ ಉದ್ದ. ಸಡಿಲ ಬೋಲ್ಟು ತಾನಾಗಿ ಸೆಟ್ ಆದ ಉದಾಹರಣೆ ಎಲ್ಲೂ ಇಲ್ಲ.

ವಾಪಸು ಹೋಗುವಾಗ

ಶಬ್ದ ಬಂದ ಕೂಡಲೇ ಇನ್ನೊಂದು ಗ್ಯಾರೇಜಿಗೆ ಹೋಗಿ ಬಿಚ್ಚಿಸುವವರು ಹೆಚ್ಚು. ತುರ್ತು ಇಲ್ಲದಿದ್ದರೆ ಹಾಗೆ ಮಾಡಬಾರದು. ಎರಡನೆಯವರು ಕೈ ಹಾಕಿದ ಮೇಲೆ ಮೊದಲಿನವರು “ನಾವು ಸರಿ ಮಾಡಿಯೇ ಕೊಟ್ಟದ್ದು” ಎಂದರೆ ಅದಕ್ಕೆ ಉತ್ತರ ಇರುವುದಿಲ್ಲ. ಕೆಲಸ ಮಾಡಿದ ದಿನ, ಮೀಟರಿನ ಕಿಲೋಮೀಟರ್, ಶಬ್ದ ಯಾವಾಗ ಬರುತ್ತದೆ ಎಂಬುದನ್ನು ಬರೆದುಕೊಂಡು, ವಿಡಿಯೋ ಇಟ್ಟುಕೊಂಡು ಅಲ್ಲಿಗೇ ಹೋಗಿ, ಮೆಕ್ಯಾನಿಕನ್ನು ಪಕ್ಕ ಕೂರಿಸಿ ಒಂದು ರೌಂಡ್ ಓಡಿಸಿ. “ಏನೋ ಶಬ್ದ ಬರ್ತದೆ” ಎಂದರೆ ಅವರೂ ಏನೋ ಮಾಡಿ ಕಳಿಸುತ್ತಾರೆ. “ಇಪ್ಪತ್ತರ ಸ್ಪೀಡಲ್ಲಿ, ಬ್ರೇಕ್ ಒತ್ತಿದರೆ ನಿಲ್ತದೆ, ಎಡಗಡೆ” ಎಂದರೆ ಅರ್ಧ ಗಂಟೆಯ ಕೆಲಸ.

ಮೆಕ್ಯಾನಿಕ್‌ಗಳ ಕಡೆಯೂ ಮಾತು ಉಂಟು. ಸಂಜೆಯೊಳಗೆ ಗಾಡಿ ಬೇಕೇ ಬೇಕು, ನಾಳೆ ಕುಕ್ಕೆಗೆ ಹೋಗ್ಲಿಕ್ಕೆ ಉಂಟು ಎಂದು ತಲೆ ಮೇಲೆ ನಿಲ್ಲುವವರು, ಕಡಿಮೆಗೆ ಸಿಕ್ಕಿತೆಂದು ಪಾರ್ಟನ್ನು ತಾವೇ ತಂದು ಕೊಡುವವರು, ಟೆಸ್ಟ್ ಡ್ರೈವಿಗೆ ಕರೆದರೆ ‘ಬೇಡ, ಸರಿ ಉಂಟು’ ಎಂದು ಹೊರಡುವವರು ನಾವೇ. ತಂದುಕೊಟ್ಟ ಪಾರ್ಟು ಶಬ್ದ ಮಾಡಿದರೆ ಕೂಲಿ ಪಡೆದವರನ್ನು ಬೈದು ಪ್ರಯೋಜನ ಇಲ್ಲ. ಹಳೆ ಪಾರ್ಟನ್ನು ಕೇಳಿ ಪಡೆದುಕೊಳ್ಳಿ. ಬಿಲ್ಲು ಕೈಬರಹದ್ದಾದರೂ ಪರವಾಗಿಲ್ಲ, ಮಾಡಿದ ಕೆಲಸ ಮತ್ತು ತಾರೀಕು ಅದರಲ್ಲಿರಲಿ.

ಹೆಚ್ಚಿನ ವಿಷಯ ಒಂದು ಚಾದಲ್ಲಿ ಮುಗಿಯುತ್ತದೆ. ಮುಗಿಯದೆ ಹೋದರೆ, ಹಣ ಕೊಟ್ಟು ಪಡೆದ ಸೇವೆಯಲ್ಲಿನ ಲೋಪ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಬರುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಮೊದಲು ಕರೆ ಮಾಡಬಹುದು. ದೂರು ಕೊಡಬೇಕಾದ್ದು ಮಂಗಳೂರಿನಲ್ಲಿರುವ ಜಿಲ್ಲಾ ಗ್ರಾಹಕ ಆಯೋಗಕ್ಕೆ, ತೊಂದರೆ ಆದ ಎರಡು ವರ್ಷದೊಳಗೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅರ್ಜಿ ಶುಲ್ಕ ಇಲ್ಲ. ಅಲ್ಲಿಯೂ ಮೊದಲು ಕೇಳುವುದು ಆ ಬಿಲ್ಲನ್ನೇ.